ಹಿಂದೆ ಸರಿಯುವವರು

ಹುಬ್ಬಳ್ಳಿಯ ಬೈಪಾಸಿನಲ್ಲಿ ಡಾ. ಇಂಚರಾ ಹಾವನೂರ ಕೈ ಎತ್ತಿದಳು. ಚಾಲಕರಿಲ್ಲದ ವಾಹನಗಳ ಸಾಲು ನಿಂತಿತು. ಸಿಗ್ನಲ್ ಇಲ್ಲದ ಕಡೆ ಕೈ ತೋರಿಸಿ ದಾಟುವ ನಮ್ಮ ಜನರ ರೂಢಿಯನ್ನು ಯಂತ್ರಕ್ಕೆ ಕಲಿಸಿದವಳು ಅವಳೇ. ಎತ್ತಿದ ಕೈ, ಊರಿದ ಪಾದ ನೋಡಿ, ಈ ಮನುಷ್ಯ ಮುಂದೆ ಬರುತ್ತಾನೋ ಹಿಂದೆ ಸರಿಯುತ್ತಾನೋ ಎಂದು ವಾಹನ ಕ್ಷಣದಲ್ಲಿ ಅಂದಾಜು ಮಾಡುತ್ತಿತ್ತು. ಬರುವವರಿಗೆ ನಿಲ್ಲುತ್ತಿತ್ತು. ಇದುವರೆಗೆ ಒಬ್ಬರಿಗೂ ತಾಗಿಲ್ಲವೆಂದು ಅವಳ ಕಂಪನಿ ಹೇಳಿಕೊಳ್ಳುತ್ತಿತ್ತು. ಅದು ನಿಜವೂ ಆಗಿತ್ತು.

ಪಕ್ಕದಲ್ಲಿ ಮಗಳನ್ನು ಎತ್ತಿಕೊಂಡು ಭೂಮಿಕಾ ನಿಂತಿದ್ದಳು. ಆಚೆ ಬದಿಯ ಹೊಲಿಗೆ ಕಾರ್ಖಾನೆಯವಳು. ತನಗೆ ವಾಹನಗಳು ನಿಲ್ಲುವುದೇ ಇಲ್ಲವೆಂದು ದೂರು ಕೊಟ್ಟವಳು. ಇನ್ನೊಮ್ಮೆ ತಡವಾದರೆ ಬರಲೇಬೇಡ ಎಂದು ಕಾರ್ಖಾನೆಯಲ್ಲಿ ಅನ್ನಿಸಿಕೊಂಡಿದ್ದಳು. ಎಲ್ಲಿ, ಕೈ ಎತ್ತು ನೋಡೋಣ ಎಂದಳು ಇಂಚರಾ. ಭೂಮಿಕಾ ಎತ್ತಿದಳು, ಪಾದ ಮಾತ್ರ ಹಿಂದಕ್ಕೇ ಊರಿತ್ತು. ವಾಹನಗಳು ವೇಗ ತಗ್ಗಿಸದೆ ಹೋದವು.

"ಒಂದ್ ಹೆಜ್ಜಿ ಮುಂದ ಇಡಬೇಕವಾ. ಇಟ್ರ ನಿಂತಽ ನಿಲ್ತದ. ನಾನಽ ಮಾಡಿದ್ದು, ನನಗ ಗೊತ್ತದ."

"ಹಂಗಾರ ಕೂಸು ನಿಮ್ಮ ಕೈಯಾಗ ಕೊಡ್ತೀನ್ರಿ ಮೇಡಂ. ನೀವಽ ಇಡ್ರಿ, ನಾ ನೋಡ್ತೀನಿ."

ಇಂಚರಾಗೆ ಕೈ ಚಾಚಲು ಆಗಲಿಲ್ಲ. ವಾಹನಗಳನ್ನು ತಾನೇ ನಿಲ್ಲಿಸಿ ಇಬ್ಬರನ್ನೂ ದಾಟಿಸಿದಳು. ನಾಳೆ ಯಾರು ದಾಟಿಸುತ್ತಾರೆ ಎಂದು ಕೇಳುವಷ್ಟೂ ನಿಲ್ಲದೆ ಭೂಮಿಕಾ ಕಾರ್ಖಾನೆಯತ್ತ ಬಿರಬಿರನೆ ನಡೆದಳು.

ಕೈ ಎತ್ತಿದ ಎಲ್ಲರಿಗೂ ನಿಲ್ಲಿಸೋಣವೆಂದರೆ ಕಂಪನಿ ಒಪ್ಪಲಿಲ್ಲ. ಒಳಗೆ ಕೂತವರು ತಡವಾಯಿತೆಂದು ಬೇರೆ ಗಾಡಿ ಹಿಡಿಯುತ್ತಾರಂತೆ. ಬೇಕಿದ್ದರೆ ಯಂತ್ರಕ್ಕೆ ಹೊಸದಾಗಿ ಕಲಿಸು, ಇಂಥವರಿಗಾಗಿ ಮನುಷ್ಯರು ನಿಂತ ಉದಾಹರಣೆ ತಂದು ತೋರಿಸು ಎಂದರು. ಯಂತ್ರ ಕಲಿತದ್ದೇ ಹಾಗೆ, ಮನುಷ್ಯರು ಕಾರು ಓಡಿಸುತ್ತಿದ್ದ ಕಾಲದ ವಿಡಿಯೊಗಳಿಂದ. ಇಂಚರಾ ಅವನ್ನೆಲ್ಲ ಜಾಲಾಡಿದಳು. ಗತ್ತಿನಿಂದ ಬಂದವರಿಗೆ ನಿಂತಿದ್ದರು, ಗುಂಪಿಗೆ ನಿಂತಿದ್ದರು, ದನಕ್ಕೂ ನಿಂತಿದ್ದರು. ಅಂಚಿನಲ್ಲಿ ಅಳುಕುತ್ತ ನಿಂತವಳಿಗೆ ನಿಂತದ್ದು, ಯಂತ್ರಕ್ಕೆ ಪಾಠವಾಗುವಷ್ಟು, ಸಿಗಲಿಲ್ಲ. ಓಡಿಸುತ್ತಿದ್ದವರು ಕೆಟ್ಟವರೇನಲ್ಲ. ಎಲ್ಲರಿಗೂ ಎಲ್ಲಿಗೋ ತಡವಾಗಿತ್ತು.

ಅಷ್ಟರಲ್ಲಿ ಭೂಮಿಕಾಳ ಕೆಲಸ ಹೋಯಿತು. ಅವಳು ದಾಟಲು ನಿಲ್ಲುತ್ತಿದ್ದ ಜಾಗದಲ್ಲಿ ಕಾಯುವವರು ಯಾರೂ ಕಾಣದಿದ್ದರಿಂದ, ತೊಂದರೆ ನಿವಾರಣೆಯಾಗಿದೆ ಎಂದು ಯಂತ್ರ ತಾನಾಗಿಯೇ ಅವಳ ದೂರನ್ನು ಮುಚ್ಚಿತು.

ಇಂಚರಾ ಇನ್ನೊಂದು ವಿಡಿಯೊ ಹಾಕಿದಳು. ಎರಡು ಸಾವಿರದ ಇಪ್ಪತ್ತಾರರ ಒಂದು ಬೆಳಗು. ಹಿಂದಿನ ಸೀಟಿನಿಂದ ಮಗುವೊಂದು, "ಪಪ್ಪಾ, ಅಲ್ಲಿ ಆಂಟಿ ಕೈ ಮಾಡಾಕತ್ತಾಳ," ಎಂದಿತು.

"ನೋಡೀನಿ, ಸುಮ್ನ ಕೂಡು. ಸಾಲಿಗೆ ಹೊತ್ತಾತು."

ರಸ್ತೆಯ ಅಂಚಿನಲ್ಲಿ ಹೆಂಗಸು ಕೈ ಇಳಿಸಿ ಒಂದು ಹೆಜ್ಜೆ ಹಿಂದೆ ಸರಿದಳು.