ಅಕ್ಕನಿಗೊಂದು ಬತ್ತಿ

ಕೋಳಿ ಕೂಗುವ ಮೊದಲೇ ಸೂರ್ಯ ಎದ್ದು ಮನೆಮನೆಯ ಬಾಗಿಲು ತಟ್ಟುತ್ತಿದ್ದ ಕಾಲದಲ್ಲಿ, ದೀಪಾವತಿ ಎಂಬ ರಾಜ್ಯವಿತ್ತು. ಅಲ್ಲಿನ ದೊಡ್ಡ ರಾಜಕುಮಾರಿ ಕೇತಕಿಗೆ ಸೋಯಾ ಕಾಳಿನ ಮೇಣ ಕರಗಿಸಿ, ಬತ್ತಿಯಿಟ್ಟು, ಅರಮನೆಯ ಹಿತ್ತಲಲ್ಲೇ ದೀಪ ಮಾಡುವ ಹುಚ್ಚು. ಚಿಕ್ಕವಳು ಮಂಜರಿಗೆ ಅಕ್ಕನ ಹುಚ್ಚು. ಅಕ್ಕ ಕೂತಲ್ಲಿ ಕೂರುವಳು, ಅಕ್ಕ ನಿಂತಲ್ಲಿ ನಿಲ್ಲುವಳು, ಕೆಲಸ ಮಾತ್ರ ಒಂದನ್ನೂ ಕಲಿಯಳು.

ಒಂದು ದಿನ ಧೂಮಕೇಶನೆಂಬ ಮಾಂತ್ರಿಕ ಹೆಣ್ಣು ಕೇಳಲು ಬಂದ. ಹೊಗೆಯೇ ಅವನ ಅನ್ನ. ಹೊಗೆ ಕುಡಿದಷ್ಟೂ ಅವನ ಗಡ್ಡ ಬೆಳೆಯುತ್ತಿತ್ತು.

"ನಿನ್ನನ್ನು ಕಟ್ಟಿಕೊಂಡರೆ ದಿನಾ ಗೋಡೆ ಒರೆಸುವುದೇ ನನ್ನ ಪಾಡು," ಎಂದು ಕೇತಕಿ ನಕ್ಕಳು.

ಮಾಂತ್ರಿಕ ಸಿಟ್ಟಿನಿಂದ ಗಡ್ಡ ಕೊಡವಿದ. ಕೇತಕಿ ಮೇಣವಾಗಿ, ಅಗಲವಾದ ತಾಮ್ರದ ಬೋಗುಣಿಯಲ್ಲಿ ಹೆಪ್ಪುಗಟ್ಟಿದಳು.

"ನಡುವೆ ಬತ್ತಿ ನೆಟ್ಟು ಹಚ್ಚಿ," ಎಂದ ಅವನು. "ಮೇಣ ಅಂಚಿನಿಂದ ಅಂಚಿಗೆ ಕರಗಿದರೆ ಅವಳು ಎದ್ದು ಬರುತ್ತಾಳೆ. ಮೂರು ಬತ್ತಿಗೂ ಆಗದಿದ್ದರೆ ಅವಳು ನನ್ನವಳು. ಒಲೆಯ ಮೇಲಿಟ್ಟಿರೋ, ಆವಿಯಾಗಿ ಹೋದಾಳು!" ಎಂದವನೇ ಅಂಗಳದಲ್ಲಿ ಕಾಲು ಚಾಚಿ ಕೂತ.

ಮಂಜರಿ ಕಾಡಿಗೆ ಓಡಿದಳು. ಮಾತಾಡುವ ಬೆಳ್ಳಿ ಜೇಡ ಎದುರಾಯಿತು.

"ಜೇಡಜ್ಜೀ, ನನ್ನ ಅಕ್ಕನಿಗೊಂದು ಬತ್ತಿ ಕೊಡು."

ಜೇಡ ನವಿರಾದ ನೂಲು ಹೊಸೆದು ಕೊಟ್ಟಿತು. ಹಚ್ಚಿದರೆ ಎಂಥ ಅಂದದ ಕುಡಿ! ಆದರೆ ಅದು ನಡುವೆಯೇ ಬಾವಿ ತೋಡಿಕೊಂಡು, ತಾನು ಕರಗಿಸಿದ ಮೇಣದಲ್ಲೇ ಮುಳುಗಿ ನಂದಿತು. ಅಂಚಿನ ಮೇಣ ಕದಲಲೇ ಇಲ್ಲ.

ಮಂಜರಿ ಮತ್ತೆ ಓಡಿದಳು. ಹಾಡುವ ಕರಡಿ ಎದುರಾಯಿತು.

"ಕರಡಿಮಾವಾ, ನನ್ನ ಅಕ್ಕನಿಗೊಂದು ಬತ್ತಿ ಕೊಡು. ದಪ್ಪಗಿರಲಿ!"

ಕರಡಿ ತನ್ನ ಕೂದಲನ್ನೇ ಹೆಬ್ಬೆರಳ ಗಾತ್ರ ಹೆಣೆದು ಕೊಟ್ಟಿತು. ಹಚ್ಚಿದರೆ ಉರಿ ತೊಲೆ ಮುಟ್ಟಿತು, ಕರಿಹೊಗೆ ಕೋಣೆ ತುಂಬಿತು. ಧೂಮಕೇಶ ಅದನ್ನು ಪಾಯಸದಂತೆ ಸುರಿದು ಕುಡಿದ. ಅವನ ಗಡ್ಡ ಬೆಳೆಬೆಳೆದು ಕಿಟಕಿಯಿಂದ ಒಳಬಂದು ಬತ್ತಿಯನ್ನು ಕಿತ್ತೆಸೆಯಿತು.

ಉಳಿದದ್ದು ಒಂದೇ ಬತ್ತಿ. ಮಂಜರಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಬುದ್ಧಿ ಬಂತು. ಈ ಸಲ ಅವಳು ಓಡಲಿಲ್ಲ. ಅಕ್ಕನ ಉಗ್ರಾಣದಲ್ಲಿ ಅಷ್ಟೇ ಅಗಲದ ಬೋಗುಣಿಗಳಿದ್ದವು, ಅದೇ ಮೇಣವಿತ್ತು. ಕಿಟಕಿ ಮುಚ್ಚಿಕೊಂಡು, ಹತ್ತಿಯ ಬತ್ತಿಗಳನ್ನು ಬೇರೆ ಬೇರೆ ದಪ್ಪಕ್ಕೆ ಹೆಣೆದು ಹಚ್ಚಿ ನೋಡಿದಳು. ಕೆಲವು ಮುಳುಗಿದವು, ಕೆಲವು ಹೊಗೆ ಕಾರಿದವು. ಒಂದು ಮಾತ್ರ ಅಂಚಿನ ಹತ್ತಿರದವರೆಗೂ ಮೇಣ ಕರಗಿಸಿ, ತುದಿಯಲ್ಲಿ ಅಣಬೆಯಂತೆ ಮಸಿ ಕಟ್ಟಿಕೊಂಡು ಅಲ್ಲೇ ನಿಂತಿತು. ಆರಿಸಿ, ಆ ತುದಿ ಕತ್ತರಿಸಿ ಮತ್ತೆ ಹಚ್ಚಿದರೆ ಪೂರಾ ಕರಗಿಸಿತು.

ಅಂಥದೇ ಬತ್ತಿಯನ್ನು ಅಕ್ಕನ ಬೋಗುಣಿಯಲ್ಲಿ ನೆಟ್ಟಳು. ಮೇಣ ಕರಗುತ್ತ ಕರಗುತ್ತ ಅಂಚಿಗೆ ಬೆರಳಗಲ ಉಳಿಯಿತು. ಅಷ್ಟರಲ್ಲಿ ತುದಿಯಲ್ಲಿ ಅಣಬೆ ಮೂಡಿತು. ಮಂಜರಿ ಇಕ್ಕಳ ಎತ್ತಿಕೊಂಡಳು.

"ಬೇಡ ತಾಯೀ!" ಅವಳನ್ನು ಎತ್ತಿ ಆಡಿಸಿದ ಮುದಿ ದಾದಿ ನಾಗಸಿರಿ ಚೀರಿದಳು. "ಉರಿಯೋ ದೀಪ ಆರಿಸಬಾರದು. ಅದರಲ್ಲಿ ನಿಮ್ಮಕ್ಕನ ಜೀವ ಐತೆ!"

"ಆರಿಸದಿದ್ದರೆ ಅಕ್ಕ ಹೋಗ್ತಾಳೆ ಅಜ್ಜೀ."

ಊದಿದರೆ ಹೊಗೆಯೇಳುತ್ತದೆ. ಮಂಜರಿ ಬತ್ತಿಯ ತುದಿಯನ್ನು ಬಗ್ಗಿಸಿ ಕರಗಿದ ಮೇಣದೊಳಗೆ ಅದ್ದಿದಳು. ಉರಿ ಆರಿತು.

"ಅವಳು ನನ್ನವಳು!" ಧೂಮಕೇಶ ಒಳಗೆ ನುಗ್ಗಿದ.

"ನೀನು ಮೂರು ಬತ್ತಿ ಅಂದೆ, ಮೂರು ಸಲ ಹಚ್ಚು ಅನ್ನಲಿಲ್ಲ. ಬತ್ತಿ ಇಲ್ಲೇ ಇದೆ ನೋಡು."

ಮಂಜರಿ ಬತ್ತಿಯನ್ನು ಮೇಲೆತ್ತಿ ನೆಟ್ಟಗೆ ನಿಲ್ಲಿಸಿ, ಅಣಬೆ ಕತ್ತರಿಸಿ ತೆಗೆದು, ಮತ್ತೆ ಹಚ್ಚಿದಳು. ಎಳೆಯಷ್ಟೂ ಹೊಗೆಯಿಲ್ಲ! ಹಸಿದ ಗಡ್ಡ ಮೊಳವಾಯಿತು, ಗೇಣಾಯಿತು. ಕೊನೆಗೆ ಮಾಂತ್ರಿಕನೇ ಚಿಟಿಕೆ ಮಸಿಯಾಗಿ ನೆಲಕ್ಕೆ ಬಿದ್ದ. ನಾಗಸಿರಿ ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟಳು.

ಮೇಣ ಅಂಚು ಮುಟ್ಟಿತು. ಕೇತಕಿ ಆಕಳಿಸುತ್ತ ಎದ್ದು ಬಂದಳು. ಮಂಜರಿ ಅವಳ ಕೊರಳಿಗೆ ಜೋತುಬಿದ್ದು ಗೊಳೋ ಎಂದಳು.

"ನಾನೇ ಆರಿಸಿದೆ ಅಕ್ಕಾ, ನನ್ನ ಕೈಯಾರೆ!"

"ಗೊತ್ತಾಯ್ತು ಕಣೇ. ಎಲ್ಲ ಕತ್ತಲಾಯ್ತು. ಹತ್ತಿರ ನೀನಿದ್ದೀಯಲ್ಲ ಅಂತ ಹೆದರಲಿಲ್ಲ."

ಅಂದು ಅರಮನೆಯಲ್ಲಿ ಹೋಳಿಗೆಯೂಟ. ಊರಿಗೆ ಊರೇ ಉಂಡಿತು, ನಕ್ಕಿತು, ಮತ್ತೆ ಉಂಡಿತು. ಅವರೆಲ್ಲ ಇನ್ನೂ ಸುಖವಾಗಿದ್ದಾರೆ. ಸುಳ್ಳೆನ್ನುವವರು ಹೋಗಿ ನೋಡಿಕೊಂಡು ಬರಲಿ.