ಕಿವಿಯೊಳಗಿನ ಸುಳ್ಳುಬುರುಕ

ರಾಜಧಾನಿ ಅಂದರೆ ಹೀಗೆ ನಾರುತ್ತದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಪಶುವೈದ್ಯಕೀಯ ಓದಲು ಪರದೇಶದಿಂದ ಬಂದವಳು. ಕಾಲೇಜಿದ್ದದ್ದು ದೂರದ ಸಣ್ಣ ಊರಲ್ಲಿ. ಕೊನೆಯ ವರ್ಷದ ತರಬೇತಿಗೆ ರಾಜಧಾನಿಯ ಪ್ರಾಣಿ ಆಸ್ಪತ್ರೆ ಅವಳನ್ನು ಕರೆದಿತ್ತು. "ಒಂದ್ಸಲ ಊರು ನೋಡ್ಕೊಂಡು ಬಾ, ಆಮೇಲೆ ಒಪ್ಕೋ" ಎಂದಿದ್ದಳು ಅಮ್ಮ, ಫೋನಿನಲ್ಲಿ. ಸರಿ, ರಜೆ ಸಿಕ್ಕಿದ್ದೇ ತಡ, ಒಬ್ಬಳೇ ಬ್ಯಾಗು ಹೆಗಲಿಗೇರಿಸಿ ಬಂದಳು.

ನೋಡಿದ್ದಾಯಿತು. ಇಳಿದುಕೊಂಡ ಹಾಸ್ಟೆಲಿನ ದಿಂಬಿಗೆ ಯಾರದೋ ತಲೆಯ ಜಿಡ್ಡು. ಬಚ್ಚಲ ಜಾಲರಿಯಲ್ಲಿ ಸತ್ತ ಇಲಿಯಂತೆ ಕೂತ ಕೂದಲುಂಡೆ. ಮೆಟ್ರೋದಲ್ಲಿ ಹಿಡಿದ ಕಂಬ ಅಂಗೈಗೆ ಅಂಟಿಕೊಂಡು, ಬಿಡುವಾಗ ಪಚಕ್ಕೆಂದಿತು. ಹಸುವಿನ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿದವಳು ಅವಳು, ಸೆಗಣಿಗೆ ಹೇಸುವವಳಲ್ಲ. ಆದರೆ ಈ ಊರು ಮೈತುಂಬ ಸೆಂಟು ಬಳಿದುಕೊಂಡು ನಾರುತ್ತಿತ್ತು. ಅದನ್ನೇ ಅವಳಿಂದ ತಡೆಯಲಾಗಲಿಲ್ಲ.

ಅರಮನೆಯ ಬಾಗಿಲಲ್ಲಿ ಬಾಡಿಗೆಗೆ ಸಿಕ್ಕ, ಊರನ್ನೆಲ್ಲ ವಿವರಿಸುವ ಆಡಿಯೋ ಗೈಡನ್ನು ಬೆಳಿಗ್ಗೆಯೇ ಕಿವಿಗೆ ಸಿಕ್ಕಿಸಿಕೊಂಡಿದ್ದಳು. ಅದರೊಳಗಿನ ಗಂಡಸಿನ ದನಿ ಮಾತ್ರ, ಸುಳ್ಳೇಕೆ, ಜೇನು.

"ನದೀತೀರಕ್ಕೆ ಬಂದಿದ್ದೀರಿ. ಕಣ್ಣು ಮುಚ್ಚಿ. ಆಳವಾಗಿ ಉಸಿರಾಡಿ."

ಪೆದ್ದಿಯಂತೆ ಉಸಿರೆಳೆದಳು. ಕೊಳೆತ ಮೀನು, ಚರಂಡಿ, ಗೋಡೆಗೆ ಯಾರೋ ಹೊಯ್ದ ಉಚ್ಚೆ, ಎಲ್ಲ ಒಟ್ಟಿಗೇ ಗಂಟಲಿಗಿಳಿದವು.

"ಥೂ! ಸುಳ್ಳುಬುರುಕ!" ಈ ದೇಶದ ಭಾಷೆಯಲ್ಲಿ ಅವಳು ಮೊದಲು ಕಲಿತಿದ್ದೇ ಬೈಗುಳ, ಕೊಟ್ಟಿಗೆಯ ಆಳುಗಳಿಂದ.

"ಕ್ಷಮಿಸಿ," ಎಂದಿತು ಅದೇ ದನಿ.

ಗಾಬರಿಯಿಂದ ಯಂತ್ರ ಕಿತ್ತಳು. ಪಕ್ಕದ ಬೆಂಚಿನಲ್ಲಿ ಕೆದರಿದ ಕೂದಲಿನ ಯುವಕನೊಬ್ಬ ಕಿವಿಯವರೆಗೂ ಕೆಂಪಾಗಿ ಕೂತಿದ್ದ.

"ಅದನ್ನ ಓದಿದ್ದು ನಾನೇ. ಬರೆದದ್ದೂ ನಾನೇ."

"ಇಲ್ಲಿ ಕೂತ್ಕೊಂಡು ಬರೆದ್ರಾ?"

"ಇಲ್ಲ. ಕಿಟಕಿ ಮುಚ್ಚಿದ ಸ್ಟುಡಿಯೋದಲ್ಲಿ."

ಸಿಟ್ಟಿನ ನಡುವೆಯೇ ನಗು ಒತ್ತರಿಸಿತು. "ಹೇಸಿಗೆ ಆಗದಿರೋ ಒಂದೇ ಒಂದು ಜಾಗ ತೋರಿಸಿ, ನೋಡೋಣ."

"ತೋರಿಸಿದ್ರೆ?"

"ನಾಳೆ ವಾಪಸ್ ಹೊರಡೋಳು, ಈ ಊರಿಗೇ ಬಂದ್ಬಿಡ್ತೀನಿ." ಅಂದವಳೇ ನಾಲಿಗೆ ಕಚ್ಚಿಕೊಂಡಳು.

ಗುಲಾಬಿ ತೋಟಕ್ಕೆ ಕರೆದೊಯ್ದ. ಅಲ್ಲೊಬ್ಬ ಕುಡುಕ ತನ್ನ ವಾಂತಿಯಲ್ಲೇ ಗಲ್ಲವಿಟ್ಟು ಮಲಗಿದ್ದ. ಕಾರಂಜಿಗೆ ಕರೆದೊಯ್ದ. ಹಸಿರು ಲೋಳೆಯ ಮೇಲೆ ಮಗುವಿನ ಡೈಪರ್ ಹಾಯಾಗಿ ತೇಲುತ್ತಿತ್ತು. ನಾಟಕಮಂದಿರದ ಮೆಟ್ಟಿಲೇರುವಾಗ ಪಾರಿವಾಳವೊಂದು ಅವನ ಭುಜಕ್ಕೇ ಗುರಿಯಿಟ್ಟು ಹಿಕ್ಕೆ ಹಾಕಿತು.

"ಇದನ್ನೂ ಗೈಡ್‌ಗೆ ಸೇರಿಸ್ಲಾ?" ಎಂದ ಅಳುಮುಖದಲ್ಲಿ.

ಅವಳು ಟಿಶ್ಯೂ ತೆಗೆದು ಒರೆಸಿದಳು. ಒರೆಸಿಯಾದ ಮೇಲೂ ಬೆರಳು ಭುಜದ ಮೇಲೇ ನಿಂತಿತ್ತು. ಅವನು ಅದನ್ನು ನೋಡಿದ. ಅವನು ನೋಡಿದ್ದನ್ನು ಅವಳು ನೋಡಿದಳು. ಇಬ್ಬರೂ ತಟ್ಟನೆ ಪಾರಿವಾಳಗಳನ್ನು ಬೈಯತೊಡಗಿದರು.

ಇಳಿಬಿಸಿಲಿನಲ್ಲಿ ಹಳೇ ಸೇತುವೆಯ ನಡುವೆ ಅವನು ನಿಂತ. ದನಿ ತಗ್ಗಿಸಿ, "ಈ ಸೇತುವೆ ಮೇಲೆ ಜೊತೆಯಾಗಿ ನಿಂತವರನ್ನ ನದಿ ಮರೆಯೋದಿಲ್ಲ" ಎಂದ.

ಎದೆ ಝಲ್ಲೆಂದಿತು. ಮರುಕ್ಷಣವೇ ನೆನಪಾಯಿತು. ಅದೇ ಮಾತು, ಅದೇ ಏರಿಳಿತ, ಬೆಳಿಗ್ಗೆ ಕಿವಿಯಲ್ಲಿ ಕೇಳಿದ್ದು!

"ಊರಿಗೆಲ್ಲ ಹಂಚಿದ ಎಂಜಲನ್ನ ನನಗೂ ಬಡಿಸ್ತೀರಾ?" ಎಂದಳು. "ಇವತ್ತು ನೋಡಿದ್ದರಲ್ಲೆಲ್ಲ ಅಸಹ್ಯ ಅಂದ್ರೆ ಇದು."

ದಡದಡ ಮೆಟ್ಟಿಲಿಳಿದು ಸೇತುವೆಯ ಕೆಳಗೆ ಬಂದಳು. ಅವನು ದೂರದಿಂದ ಹಿಂಬಾಲಿಸಿದ.

ಕಂಬದ ಬುಡದಲ್ಲಿ ಒಂದು ಕಂದು ನಾಯಿ ಬಿದ್ದಿತ್ತು. ಕಿವಿಯ ಹಿಂದೆ ಅಂಗೈಯಗಲ ಗಾಯ, ಅದರ ತುಂಬ ಬಿಳಿ ಹುಳ ಮಿಜಿಮಿಜಿ. ಹೋಗುವವರೆಲ್ಲ ಮೂಗು ಮುಚ್ಚಿ ದಾರಿ ಬದಲಿಸುತ್ತಿದ್ದರು. ಅವಳು ಮಂಡಿಯೂರಿ ಬ್ಯಾಗಿನಿಂದ ಚಿಮಟ ತೆಗೆದಳು. ಸ್ಕಾರ್ಫಿನಿಂದ ನಾಯಿಯ ಬಾಯಿ ಕಟ್ಟಿದಳು. ಹಿಡಿದುಕೊಳ್ಳಲು ಮಾತ್ರ ಇನ್ನೊಂದು ಜೊತೆ ಕೈ ಬೇಕಿತ್ತು.

"ಏಯ್! ಬಾ ಇಲ್ಲಿ. ಕತ್ತು ಹಿಡ್ಕೋ!"

ಅವನು ಬಂದ. ಗಾಯ ನೋಡಿದ. ಪಕ್ಕಕ್ಕೆ ಓಡಿ ಕರುಳು ಕಿತ್ತುಬರುವಂತೆ ವಾಂತಿ ಮಾಡಿದ. ಇನ್ನಿವನು ಬರುವುದಿಲ್ಲ ಅಂದುಕೊಂಡಳು. ತೋಳಿಗೆ ಬಾಯಿ ಒರೆಸಿಕೊಂಡು ಬಂದೇಬಿಟ್ಟ. ಕೂತು, ಕತ್ತನ್ನು ಮಗುವಿನಂತೆ ತೋಳಿನಲ್ಲಿ ಬಿಗಿದುಕೊಂಡ. ಅವಳು ಒಂದೊಂದೇ ಹುಳ ಎಳೆದು ತೆಗೆಯುತ್ತಿದ್ದಂತೆ ಮತ್ತೊಮ್ಮೆ ಮುಖ ತಿರುಗಿಸಿ ಕಾರಿಕೊಂಡ. ಕೈ ಮಾತ್ರ ಸಡಿಲಿಸಲಿಲ್ಲ.

"ಏನಾದ್ರೂ ಮಾತಾಡು, ನಾಯಿ ಹೆದರಿದೆ."

"ಏನ್ ಮಾತಾಡ್ಲಿ?"

"ನಿಜವಾಗಿರೋದು."

ಅವನು ನಾಯಿಯ ಕಿವಿಗೆ ಬಗ್ಗಿದ. ಜೇನೆಲ್ಲ ಸೋರಿಹೋಗಿ ದನಿ ಒಡೆದ ಮಡಕೆಯಂತಿತ್ತು. "ನಿನ್ನ ನಾತ ತಡ್ಕೊಳ್ಳೋಕಾಗ್ತಿಲ್ಲ ಕಣೋ. ನಂಗೂ ಹೆದರಿಕೆ. ಇವಳು ನಾಳೆ ಹೊರಟುಹೋಗ್ತಾಳೆ. ಆ ಹಾಳು ಸಾಲು ಯಾಕೆ ಹೇಳ್ದೆ ಗೊತ್ತಾ? ಹೇಳ್ಬೇಕು ಅನ್ನಿಸ್ತು, ನನ್ನದು ಅನ್ನೋ ಮಾತು ಒಂದೂ ಬಾಯಿಗೆ ಬರ್ಲಿಲ್ಲ. ಅವಳು ನನ್ನ ಭುಜ ಒರೆಸಿದಾಗ ಹಿಕ್ಕೆ ಇನ್ನೂ ಸ್ವಲ್ಪ ಇರಬಾರದಾಗಿತ್ತಾ ಅನ್ನಿಸ್ತು."

ಅವಳ ಚಿಮಟ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಕಣ್ಣೆತ್ತಿದಳು. ಬೆವೆತ ಹಣೆ, ಬಿಳಿಚಿದ ತುಟಿ, ಗಲ್ಲಕ್ಕೆ ಮೆತ್ತಿದ ಕೀವು. ಇಷ್ಟು ಕೊಳಕಾದ ಗಂಡಸನ್ನು ಅವಳು ಕಂಡಿರಲಿಲ್ಲ. ಅವನಿಂದ ಕಣ್ಣು ಕೀಳುವುದೂ ಆಗಲಿಲ್ಲ.

ಆ ನಾತಕ್ಕೆ ಯಾವ ಟ್ಯಾಕ್ಸಿಯವನೂ ಹತ್ತಿಸಿಕೊಳ್ಳಲಿಲ್ಲ. ನಾಯಿಯನ್ನು ಅವನ ಕೋಟಿನಲ್ಲಿ ಸುತ್ತಿ ಇಬ್ಬರೂ ನಡೆದೇ ಪ್ರಾಣಿ ಆಸ್ಪತ್ರೆ ಮುಟ್ಟಿದರು. ಅಲ್ಲಿನ ಹಿರಿಯ ವೈದ್ಯೆ ಗಾಯ ನೋಡಿ, "ಬದುಕ್ಕೊಳ್ಳುತ್ತೆ" ಎಂದು, ಅವಳ ಹೆಸರು ಕೇಳಿದರು. ಕೇಳಿದ್ದೇ ಕನ್ನಡಕ ಮೇಲೇರಿಸಿದರು. "ಓ, ತರಬೇತಿಯ ಹುಡುಗಿ ನೀನೇನಾ? ಯಾವಾಗ ಬರ್ತೀಯಮ್ಮ?"

"ಪರೀಕ್ಷೆ ಮುಗಿದ ತಕ್ಷಣ," ಎಂದಳು, ಪಕ್ಕದಲ್ಲಿದ್ದವನ ಕಡೆ ನೋಡದೆ.

ಹಿತ್ತಲ ನಲ್ಲಿಯಲ್ಲಿ ಇಬ್ಬರೂ ಕೈ ತೊಳೆದರು. ಎಷ್ಟು ಸೋಪು ಉಜ್ಜಿದರೂ ವಾಸನೆ ಹೋಗಲೊಲ್ಲದು.

"ಹಾಗಾದ್ರೆ ಊರು ಇಷ್ಟ ಆಯ್ತಾ?" ಅವನು ಮೆಲ್ಲಗೆ ಕೇಳಿದ.

"ಇಲ್ಲ. ಅಸಹ್ಯ ಊರು."

"ಮತ್ತೆ?"

"ನೀನು ಇಷ್ಟ ಆದೆ."

ಅವನು ಒಂದು ಹೆಜ್ಜೆ ಹತ್ತಿರ ಬಂದ. ಅವಳು ಅವನ ಎದೆಗೆ ಒದ್ದೆ ಅಂಗೈ ಒತ್ತಿ ತಡೆದಳು. "ಮೊದಲು ಬಾಯಿ ತೊಳ್ಕೋ, ಮಾರಾಯ!"

ಅವನು ನಲ್ಲಿಗೆ ಬಗ್ಗಿ ಗಡಿಬಿಡಿಯಲ್ಲಿ ಮುಕ್ಕಳಿಸಿದ, ಉಗಿದ, ಮತ್ತೆ ಮುಕ್ಕಳಿಸಿದ. ಅಂಗಿಯೆಲ್ಲ ನೀರು. ಇವನ ಮುಕ್ಕಳಿಕೆ ಮುಗಿಯುವಂತೆ ಕಾಣಲಿಲ್ಲ. ಅವಳೇ ತಾಳ್ಮೆಗೆಟ್ಟು ಆ ಒದ್ದೆ ಕಾಲರ್ ಹಿಡಿದು ತನ್ನತ್ತ ಎಳೆದುಕೊಂಡಳು.