ಅತ್ತಿಗೆಯ ಪಕ್ಕದ ಸೀಟು

ಯುದ್ಧಕ್ಕೆ ಹೋದ ನಮ್ಮಣ್ಣ ಬರಲಿಲ್ಲ; ಅವನ ದೇಹವೂ ಸಿಗಲಿಲ್ಲ. ಅದೇ ಯುದ್ಧದ ಸಿನಿಮಾ ಬಂದಾಗ ಅತ್ತಿಗೆ ನೋಡಲೇಬೇಕೆಂದು ಹಟ ಹಿಡಿದಳು. ಮಧ್ಯಾಹ್ನದ ಆಟಕ್ಕೆ ಇಬ್ಬರೂ ಹೋದೆವು.

ಗುಂಡಿನ ಸದ್ದು ಶುರುವಾದದ್ದೇ ತಡ, ಅವಳ ಪಕ್ಕದಲ್ಲಿ ಮಡಚಿಕೊಂಡಿದ್ದ ಖಾಲಿ ಸೀಟು ಯಾರೋ ಕೂತಂತೆ ಕಿರುಗುಟ್ಟುತ್ತ ಕೆಳಗಿಳಿಯಿತು. ಆ ಕಡೆಯಿಂದ ಕೊರೆಯುವ ಚಳಿ ಬಂತು. ನಾನು ಅತ್ತಿಗೆಯ ತೋಳು ಹಿಡಿದೆಳೆದೆ.

“ಎದ್ದು ಹೋಗೋಣ, ಅತ್ತಿಗೆ.”

“ನೀನು ಬೇಕಾದ್ರೆ ಹೋಗು. ನಿಮ್ಮಣ್ಣ ಏಳೋ ತನಕ ನಾನು ಏಳಲ್ಲ,” ಎಂದು ಅವಳು ಆ ಸೀಟಿನ ಮೇಲೆ ಕೈಯಿಟ್ಟು ಕೂತಳು.

ಆಟ ಮುಗಿದು ದೀಪ ಹತ್ತಿದಾಗ ಸೀಟು ತಾನಾಗಿ ಮೇಲಕ್ಕೆ ಮಡಚಿಕೊಂಡಿತು. ಆಗಲೇ ಅತ್ತಿಗೆಯೂ ಎದ್ದಳು. ಹೊರಗೆ ಸುಡುಬಿಸಿಲಿನಲ್ಲಿ ನೋಡಿದೆ: ಅವಳ ಅಂಗೈಗೆ ಹಸಿ ಕೆಸರು ಮೆತ್ತಿತ್ತು. ಮನೆಗೆ ಬಂದ ಮೇಲೂ ಅವಳು ಆ ಕೈ ತೊಳೆಯಲಿಲ್ಲ.